ಸರಸ್ವತಿ ಓದಿ ಮುಗಿಸಿದ ಮೇಲಾದರೂ ನಮಗೆ ಕೊಡಿ

ಮಾನ್ಯ ಗ್ರಂಥಾಲಯದ ಮೇಲಧಿಕಾರಿಗಳೇ,

ದಸರಾ ರಜೆ ಮುಗಿಯಿತು. ನಮ್ಮ ಬಡಾವಣೆಯ ಶಾಖೆಯಲ್ಲಿ ತಾವು ಏರ್ಪಡಿಸಿದ್ದ ‘ರಜೆಯ ಓದು ಹಬ್ಬ’ವೂ ಮುಗಿಯಿತಂತೆ. ಒಂದೇ ಒಂದು ಮಗುವಿನ ಕೈಗೂ ಪುಸ್ತಕ ಸಿಗಲಿಲ್ಲ ಎಂಬುದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವಿಜೃಂಭಣೆಯಿಂದಲೇ ನಡೆಯಿತು. ಬಾಳೆಕಂದು ಕಟ್ಟಿದರು, ಚರುಪಿನ ಪ್ರಸಾದ ಹಂಚಿದರು, ಫ್ಲೆಕ್ಸ್ ತೂಗುಹಾಕಿದರು. ಫ್ಲೆಕ್ಸಿನಲ್ಲಿ ‘ಈ ರಜೆಯಲ್ಲಿ ಮಕ್ಕಳು ಓದಲೇಬೇಕಾದ ಪುಸ್ತಕಗಳು’ ಎಂಬ ತಮ್ಮ ಶಿಫಾರಸು, ಪಕ್ಕದಲ್ಲಿ ಕೈಮುಗಿದ ತಮ್ಮ ಭಾವಚಿತ್ರ. ಓದಲೇಬೇಕು ಎಂದಿರಿ, ಒಪ್ಪಿದೆವು. ಎಲ್ಲಿಂದ ತಂದು ಓದಬೇಕು ಸ್ವಾಮಿ?

ನಡೆದದ್ದನ್ನು ನಾನೇ ಹೇಳುತ್ತೇನೆ, ತಮಗೆ ಬೇರೆ ಯಾರೂ ಹೇಳಿರಲಾರರು. ಮನೆಗಳಲ್ಲಿ ನಾವು ಸರಸ್ವತಿ ಮುಂದೆ ಪುಸ್ತಕ ಇಡುವುದು ಸಪ್ತಮಿಗೆ. ವಿಜಯದಶಮಿಯಂದು ಕದಲಿಸಿ, ಕೈಗೆತ್ತಿಕೊಂಡು ನಾಲ್ಕು ಸಾಲು ಓದುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ತಮ್ಮ ಶಾಖೆಗೆ ಭಕ್ತಿ ಜಾಸ್ತಿ, ಪಾಡ್ಯದ ದಿನವೇ ಇಟ್ಟರು. ಇಡಲಿ, ಬೇಡ ಅಂದವರಾರು? ಆದರೆ ಇಟ್ಟಿದ್ದು ಯಾವುದನ್ನು? ಧೂಳು ಹಿಡಿದ ಹಳೇ ಸಂಪುಟಗಳನ್ನಲ್ಲ. ತಾವು ಶಿಫಾರಸು ಮಾಡಿದ ಹೊಸ ಪುಸ್ತಕಗಳನ್ನೇ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆಂದು ಗಾಜಿನ ಬೀರುವಿನಲ್ಲಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಬೀಗ ಜಡಿದರು.

ನಮ್ಮತ್ತೆ ರಾಮಲಕ್ಷ್ಮಮ್ಮನವರು ಅರವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ನಮ್ಮ ಈ ಶೆಟ್ಟಿಹಳ್ಳಿ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಹೊಲದಲ್ಲಿ ಕಳೆ ಕಿತ್ತ ಕೈ ಅದು. ಕಲಿತದ್ದು ಮೊಮ್ಮಗಳು ನಯನಾಳಿಗಾಗಿ. ನನ್ನ ನಾದಿನಿಯ ಮಗಳು, ಶಿರಾದಲ್ಲಿದ್ದಾಳೆ, ರಜೆಗೆ ಮಾತ್ರ ಬರುತ್ತಾಳೆ. “ಈ ಸಲ ನೀನು ಓದೋದು ಬ್ಯಾಡ, ನಾನೇ ಓದಿ ಯೋಳ್ತೀನಿ” ಎಂದು ಅತ್ತೆ ಅವಳಿಗೆ ಮಾತು ಕೊಟ್ಟಿದ್ದರು. ಅವರ ಕಣ್ಣಿಗೆ ದಪ್ಪಕ್ಷರದ ಪುಸ್ತಕವೇ ಆಗಬೇಕು. ತಮ್ಮ ಹೊಸ ಪುಸ್ತಕಗಳಲ್ಲಿ ಅಂಥದ್ದೊಂದಿತ್ತು, ಕೆರೆ ಬಿಟ್ಟು ಊರು ನೋಡಲು ಹೊರಟ ಬಾತುಕೋಳಿಯ ಕಥೆ. ಓದು ಹಬ್ಬ ಶುರುವಾಗುವವರೆಗೆ ಮನೆಗೆ ಕೊಡುವುದಿಲ್ಲ ಎಂದಿದ್ದರಿಂದ ಅತ್ತೆ ಸಂಜೆ ಸಂಜೆ ಶಾಖೆಯಲ್ಲೇ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಅರ್ಧ ಓದಿದ್ದರು. ಬಾತುಕೋಳಿ ಬಸ್ ಸ್ಟ್ಯಾಂಡಿಗೆ ಬಂದು ನಿಂತಿತು ಎಂಬಲ್ಲಿಯವರೆಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಮುಂದಿನದಕ್ಕೆ “ನೀನು ಬಾ, ಓದ್ತೀನಿ” ಎನ್ನುತ್ತಿದ್ದರು.

ನಯನಾ ಬಂದಳು. ಪುಸ್ತಕ ಬೀರುವಿನಲ್ಲಿತ್ತು. ಪೂಜೆಗಿಟ್ಟದ್ದನ್ನು ಕೇಳಬಾರದೆಂದು ಅತ್ತೆಯೇ ಸುಮ್ಮನಿದ್ದರು. ವಿಜಯದಶಮಿ ಕಳೆದ ಮಾರನೆಯ ದಿನ ಮೂವರೂ ಹೋದೆವು. ಬೀಗ ಹಾಗೇ ಇತ್ತು. ಶಾಖೆ ನೋಡಿಕೊಳ್ಳುವ ಶಿವರಾಮ್ ತಲೆ ಕೆರೆದುಕೊಂಡರು. “ಸಾಹೇಬ್ರೇ ಬಂದು ಕದಲಿಸ್ಬೇಕಂತೆ ಮೇಡಂ. ಅವರ ಕೈಯಿಂದ್ಲೇ ಮಕ್ಕಳಿಗೆ ಕೊಡ್ಸಿ ಹಬ್ಬ ಉದ್ಘಾಟನೆ ಮಾಡ್ಬೇಕಂತೆ. ನಾನ್ ತೆಗೆದ್ರೆ ನನ್ ಕಥೆ ಮುಗೀತು. ನಾಳೆ ಬರ್ತಾರೆ ಕಣ್ರೀ.”

ಆ ನಾಳೆ ಬರಲೇ ಇಲ್ಲ. ದಿನಾ ಹೋದೆವು, ದಿನಾ ವಾಪಸ್ ಬಂದೆವು. ನಯನಾ ಗಾಜಿಗೆ ಮೂಗು ಒತ್ತಿ ಪುಸ್ತಕದ ಹೆಸರುಗಳನ್ನಷ್ಟೇ ಓದಿಕೊಂಡಳು. ಕಡೆಗೆ ಅತ್ತೆ ಕೇಳಿಯೇ ಬಿಟ್ಟರು, “ಯಾಕಪ್ಪಾ ಶಿವರಾಮ, ಸರಸ್ವತಿದು ಇನ್ನೂ ಓದಿ ಮುಗ್ದಿಲ್ವಾ?” ಶಿವರಾಮ್ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಭಾನುವಾರ ನಯನಾ ಊರಿಗೆ ಹೊರಟಳು.

ತಾವು ದಯಮಾಡಿಸಿದ್ದು ಸೋಮವಾರ, ಶಾಲೆಗಳು ತೆರೆದ ದಿನ! ಮಕ್ಕಳೆಲ್ಲಿಂದ ಬರಬೇಕು? ಶಿವರಾಮ್ ಗಾಬರಿಯಿಂದ ಫೋನ್ ಮಾಡಿದರು, “ಮಕ್ಕಳೇ ಇಲ್ಲ ಮೇಡಂ, ಅತ್ತೇನಾದ್ರೂ ಕರ್ಕೊಂಡ್ ಬನ್ನಿ.” ಪುಸ್ತಕ ಸಿಗುತ್ತದೆಂದು ಅತ್ತೆ ಜರಿಯಂಚಿನ ಸೀರೆ ಉಟ್ಟು ಬಂದರು. ವಾಕಿಂಗ್‌ಗೆ ಹೊರಟಿದ್ದ ಇಬ್ಬರು ಅಜ್ಜಿಯರನ್ನೂ ಎಳೆದು ತಂದು ಪಕ್ಕದಲ್ಲಿ ಕೂರಿಸಿದಿರಿ. ಅತ್ತೆ ಬಾಯಿಬಿಟ್ಟು ಕೇಳಿದ್ದಕ್ಕೆ ಬಾತುಕೋಳಿಯ ಪುಸ್ತಕವನ್ನೇ ಕೈಗಿತ್ತಿರಿ. ಅವರು ನೇರವಾಗಿ ಬಸ್ ಸ್ಟ್ಯಾಂಡಿನ ಪುಟ ತೆರೆದು, ಬೆರಳಿಟ್ಟು, ತುಟಿಯಾಡಿಸತೊಡಗಿದರು. ತಮ್ಮ ಫೋಟೋಗ್ರಾಫರ್ ಗದರಿದ: “ಅಜ್ಜೀ, ಪುಸ್ತಕ ನೋಡ್ಬೇಡಿ, ಕ್ಯಾಮೆರಾ ನೋಡಿ!”

ಫೋಟೋ ಆಯಿತು. ತಮ್ಮ ಕಡೆಯವರು ಅಜ್ಜಿಯರ ಕೈಯಿಂದ ಪುಸ್ತಕಗಳನ್ನು ತೆಗೆದುಕೊಂಡು ತಮ್ಮ ಕಾರಿನ ಡಿಕ್ಕಿಗೆ ತುಂಬಿದರು. ಮುಂದಿನ ಶಾಖೆಯಲ್ಲೂ ಓದು ಹಬ್ಬವಂತೆ, ಅಲ್ಲಿಗೂ ಅವೇ ಪುಸ್ತಕಗಳಂತೆ. ಒಂದೇ ಸೆಟ್ ಪುಸ್ತಕದಲ್ಲಿ ಎಷ್ಟು ಶಾಖೆಗಳನ್ನು ಉದ್ಧಾರ ಮಾಡುತ್ತೀರಿ? ಓದುತ್ತಿದ್ದ ಹೆಂಗಸಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳುವಾಗ ಪಕ್ಕದಲ್ಲೇ ನಗುತ್ತಾ ನಿಂತಿದ್ದಿರಲ್ಲ, ನಾಚಿಕೆಯಾಗಲಿಲ್ಲವೇ?

ಅತ್ತೆ ಮನೆಗೆ ಬಂದು ಕನ್ನಡಕವನ್ನು ಡಬ್ಬಿಗೆ ಹಾಕಿಟ್ಟರು. “ಬುಡು ಶಾಂತಾ, ಅವು ಫೋಟೋಗೆ ಇಕ್ಕಿರೋ ಪುಸ್ತಕ. ನಮ್ಮಂತೋರು ಓದಕ್ಕಲ್ಲ” ಎಂದರು. ಅಂದಿನಿಂದ ದಿನಪತ್ರಿಕೆಯ ತಲೆಬರಹವನ್ನೂ ಓದಿಲ್ಲ. ಇಷ್ಟು ವರ್ಷ ತಡವಾಗಿ ಬಂದ ಅಕ್ಷರ ಇಷ್ಟು ಸುಲಭವಾಗಿ ಹೋಗಿಬಿಡುತ್ತದಲ್ಲ ಎಂದು ನನಗೆ ಅಳು ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಇನ್ನು ಮುಂದೆ ರಜೆ ಶುರುವಾದ ದಿನವೇ ಆ ಬೀರುವಿನ ಬೀಗ ತೆಗೆಯಲು ಶಿವರಾಮ್‌ಗೆ ಅಧಿಕಾರ ಕೊಡಿ, ತಮ್ಮ ಉದ್ಘಾಟನೆಯನ್ನು ತಮಗೆ ಪುರುಸೊತ್ತಾದಾಗ ಇಟ್ಟುಕೊಳ್ಳಿ. ಮತ್ತು ಆ ಬಾತುಕೋಳಿಯ ಪುಸ್ತಕವನ್ನು, ಸದ್ಯ ಯಾವ ಶಾಖೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದೆಯೋ ಅಲ್ಲಿಂದ ತಂದು, ಕ್ಯಾಮೆರಾ ಇಲ್ಲದೆ, ನಮ್ಮತ್ತೆಯ ಕೈಗೆ ತಾವೇ ಕೊಡಿ. ನಯನಾ ಫೋನ್ ಮಾಡಿದಾಗಲೆಲ್ಲ “ಅಜ್ಜೀ, ಬಾತುಕೋಳಿಗೆ ಬಸ್ ಸಿಕ್ತಾ?” ಎಂದು ಕೇಳುತ್ತಾಳೆ. ಅತ್ತೆ ಫೋನನ್ನು ನನ್ನ ಕೈಗಿಟ್ಟು ಎದ್ದು ಹೋಗುತ್ತಾರೆ. ಏನಾದರೊಂದು ಕಟ್ಟಿ ಹೇಳುವುದು ನನಗೇನೂ ಕಷ್ಟವಲ್ಲ, ಆದರೆ ಓದಿ ಹೇಳುತ್ತೇನೆಂದು ಮಾತು ಕೊಟ್ಟವರು ಅವರು.

ಇಂತಿ,
ತಮ್ಮ ಫೋಟೋದಲ್ಲಿ ಕ್ಯಾಮೆರಾ ನೋಡದೆ ತಲೆ ತಗ್ಗಿಸಿರುವ ಅಜ್ಜಿಯ ಸೊಸೆ,
ಶಾಂತಲಾ
ಶೆಟ್ಟಿಹಳ್ಳಿ