ಪರಿವಿಡಿಯ ಕೆಳಗಿನ ಚೌಕ

ನವೆಂಬರ್ ೧೨
ಕಚೇರಿಯಿಂದ

ಮುದ್ದು ಮಗಳೇ,

ಹೇಗಿದ್ದೀಯ? ಉತ್ತರ ತಡವಾಯಿತು, ಬೈಯಬೇಡ. ಪತ್ರಿಕೆ ಅಚ್ಚಿಗೆ ಹೋಗುವ ವಾರ ಪುಟ ಕಟ್ಟುವವಳಿಗೆ ಊಟದ ನೆನಪೂ ಇರುವುದಿಲ್ಲ. ನಿಮ್ಮ ಕಾಲೇಜಿನವರಿಗೆ ಬೇರೆ ಪತ್ರಿಕೆಯೇ ಸಿಗಲಿಲ್ಲವೇ? ನಿನ್ನ ಅಮ್ಮನ ಸಂಗೀತ ಮಾಸಿಕದ ಪರಿವಿಡಿ ಪುಟವನ್ನೇ ವಿಶ್ಲೇಷಿಸಬೇಕಂತೆ! ಇರಲಿ, ಮೊದಲ ಪ್ರಶ್ನೆಯ ಉತ್ತರ ಬರೆದುಕೋ.

ಕಣ್ಣು ಮೊದಲು ಹೋಗುವುದು ಎಡಗಡೆಯ ದೊಡ್ಡ ಫೋಟೋಗೆ. ಗಾಯಕಿ ಬಲಕ್ಕೆ ನೋಡುತ್ತಿದ್ದಾಳೆ. ಅವಳು ನೋಡಿದ ಕಡೆ ಓದುಗರೂ ನೋಡುತ್ತಾರೆ. ಅಲ್ಲಿ ಲೇಖನಗಳ ಸಾಲು. ಹೆಸರು ಕಪ್ಪು, ಪುಟಸಂಖ್ಯೆ ಕೆಂಪು, ದಪ್ಪ. ಕೆಳಗಿನ ವಿವರಣೆ ಸಣ್ಣ ಅಕ್ಷರದಲ್ಲಿ, ಏಕೆಂದರೆ ಅದನ್ನು ಯಾರೂ ಓದುವುದಿಲ್ಲ. ಬರೆದ ಸಂಪಾದಕರಿಗೆ ಮಾತ್ರ ಹೇಳಬೇಡ.

ಕೆಳಗೆ ಬಲ ಮೂಲೆಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟದ್ದು ತಪ್ಪಲ್ಲವೇ ಎಂದು ಕೇಳಿದ್ದೀಯ. ಆ ಸಂಚಿಕೆ ಬಿಟ್ಟರೆ ಪ್ರತಿ ತಿಂಗಳೂ ಅಲ್ಲೊಂದು ಕಪ್ಪು ಗೆರೆಯ ಚೌಕವಿರುತ್ತದೆ. ತೀರಿಕೊಂಡ ಕಲಾವಿದರ ಹೆಸರು ಅದರೊಳಗೆ, ಪುಟಸಂಖ್ಯೆ ಇಲ್ಲದೆ. ಬದುಕಿರುವವರಿಗಷ್ಟೇ ಸಂಖ್ಯೆ, ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಕಣ್ಣು ಕೊನೆಗೆ ಹೋಗುವ ಜಾಗವೆಂದೇ ಅದನ್ನು ಅಲ್ಲಿಟ್ಟಿದ್ದು.

ನಿನ್ನ ಅಣ್ಣ ಪಿಟೀಲು ನುಡಿಸುತ್ತಿದ್ದ ಹಡಗು ಮುಳುಗಿದ ಮೇಲೆ ಸಂಪಾದಕರು ನನ್ನ ಮೇಜಿನ ಬಳಿ ಬಂದು ನಿಂತರು. “ಎಷ್ಟು ದಿನ ಅಂತ ಕಾಯೋದಮ್ಮಾ? ಅವನ ಹೆಸರೂ ಚೌಕಕ್ಕೆ ಹಾಕಿಬಿಡೋಣ” ಅಂದರು.

“ಅವನಿನ್ನೂ ಸಿಕ್ಕಿಲ್ಲ ಸಾರ್. ಸಿಗದವನನ್ನ ಹೇಗೆ ಹಾಕ್ಲಿ?” ಅಂದೆ.

ಅವರು ಅತ್ತ ಹೋದದ್ದೇ ತಡ, ಚೌಕವನ್ನೇ ಕಿತ್ತುಹಾಕಿದೆ. ಅದು ಇದ್ದರೆ ತಾನೇ ಅವನನ್ನು ಹಾಕುವುದು! ಹೊರಡುವ ಮುಂಚೆ ಅವನು ಕೊಟ್ಟಿದ್ದ ಸಂದರ್ಶನವನ್ನು ಲೇಖನಗಳ ಸಾಲಿಗೆ ಸೇರಿಸಿ, ಪಕ್ಕದಲ್ಲಿ ಕೆಂಪು ಸಂಖ್ಯೆ ಕೂರಿಸಿದೆ. ಆ ತಿಂಗಳು ತೀರಿಕೊಂಡ ಕೊಳಲಿನ ಅಜ್ಜನ ಹೆಂಡತಿ ಫೋನ್ ಮಾಡಿ, “ನಮ್ಮ ಯಜಮಾನ್ರ ಹೆಸರು ಎಲ್ಲಿದೆಯಮ್ಮಾ? ಕನ್ನಡಕ ಹಾಕ್ಕೊಂಡು ಹುಡುಕಿದೆ, ಕಾಣಿಸ್ತಿಲ್ಲ” ಅಂದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಖಾಲಿ ಜಾಗವಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ ಎಂದು ಬರೆ. ಮೇಷ್ಟ್ರು ಒಪ್ಪುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸದಾ ಒಳ್ಳೆಯದಾಗಲಿ, ಕಂದಾ.

ನಿನ್ನ ಅಮ್ಮ

ಮತ್ತೊಂದು ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹಡಗನ್ನು ಮೇಲೆತ್ತಿದರು. ನಿನ್ನೆ ನನ್ನನ್ನೂ ನಿನ್ನ ಅಪ್ಪನನ್ನೂ ಬಂದರಿನ ಆಸ್ಪತ್ರೆಗೆ ಕರೆಸಿದ್ದರು. ಅವನೇ. ನೀನು ಹೆಣೆದುಕೊಟ್ಟ ಸ್ವೆಟರಿನಿಂದ ಗುರುತು ಹಿಡಿದೆ. ಈ ಕಾಗದ ತಂದಿರುವ ನಿನ್ನ ಅಪ್ಪನಿಗೆ ಇದನ್ನು ಬಾಯಿಬಿಟ್ಟು ಹೇಳಲಾಗದು, ಏನೂ ಕೇಳಬೇಡ. ಅವರ ಜೊತೆ ಬಂದುಬಿಡು. ಬರುವ ಸಂಚಿಕೆಗೆ ಚೌಕ ಮತ್ತೆ ಎಳೆದಿದ್ದೇನೆ. ಮೇಲೆ ಕೊಳಲಿನ ಅಜ್ಜ, ಕೆಳಗೆ ಇವನು. ಸಂಖ್ಯೆ ಹಾಕಿಲ್ಲ. ನಿನ್ನ ಮೊದಲ ಉತ್ತರವನ್ನು ತಿದ್ದಿಕೋ ಮಗಳೇ. ಕಣ್ಣು ಮೊದಲು ಹೋಗುವುದು ಅಲ್ಲಿಗೇ.