ಆಷಾಢದಲ್ಲಿ ಗಟ್ಟಿಮೇಳ

ಜೂನ್ 28, ಶನಿವಾರ

ಆಷಾಢ ಮೂರನೇ ದಿನ. ಮದುವೆ ಇಲ್ಲ, ವಾಲಗ ಇಲ್ಲ. ಕ್ಲಾರಿಯೋನೆಟ್ ಒರೆಸಿ, ಕೀಗಳಿಗೆ ಎಣ್ಣೆ ಬಿಟ್ಟು, ಡಬ್ಬಿಯಲ್ಲಿಟ್ಟೆ. ಇವತ್ತಿಗೆ ಎರಡನೇ ಸಲ.

ನಾಗಮಂಗಲದ ಒಂದು ಶಾಲೆಗೆ ಬ್ಯಾಂಡ್ ಮಾಸ್ಟರ್ ಬೇಕಂತೆ. ನಮ್ಮ ಸೆಟ್ಟಿನ ಡೋಲು ಕುಳ್ಳಯ್ಯ ಸುದ್ದಿ ತಂದ. ಏಳನೇ ತಾರೀಕು ಇಂಟರ್‌ವ್ಯೂ. ಸಂಗೀತದ ಪದಗಳನ್ನು ಇಂಗ್ಲಿಷಿನಲ್ಲಿ ಕೇಳುತ್ತಾರಂತೆ. ಮೂವತ್ತು ವರ್ಷ ಊದಿದ್ದೇನೆ, ಒಂದು ದಿನವೂ ಇಂಗ್ಲಿಷಿನಲ್ಲಿ ಊದಿಲ್ಲ.

ಆದರೂ ಆಸೆ. ಈ ವರ್ಷ ಏಳು ಮದುವೆಗೆ ನಮ್ಮ ಬದಲು ಡಿಜೆ ಬಂತು. ಒಂದರಲ್ಲಂತೂ ತಾಳಿ ಕಟ್ಟುವ ಹೊತ್ತಿಗೆ ಪೆನ್‌ಡ್ರೈವಿನಲ್ಲಿ ವಾಲಗ. ಊದುವುದು ನಿಂತುಹೋದರೆ ಏನು ಮಾಡಲಿ? ಬೇರೆ ಕೆಲಸ ಬರುವುದಿಲ್ಲ. ಬೇಕೂ ಇಲ್ಲ.

ಜುಲೈ 1, ಸಂಜೆ

ಹೆಂಡತಿ ಯಶೋಧ ನನಗೆ ಮೇಡಂ ಆಗಿಬಿಟ್ಟಿದ್ದಾಳೆ. ಮೊಬೈಲಿನಲ್ಲಿ ನೋಡಿ ನೋಡಿ ಹಳೇ ಕ್ಯಾಲೆಂಡರಿನ ಹಿಂದೆಲ್ಲ ಪದ ಬರೆದಿದ್ದಾಳೆ. ಟ್ರಂಪೆಟ್, ಯುಫೋನಿಯಂ, ಸೈಡ್ ಡ್ರಮ್, ಸಿಂಬಲ್ಸ್... ಇವು ಸಲೀಸು. ಆಮೇಲಿನವು ತಲೆ ತಿನ್ನುತ್ತವೆ. ಜೋರಾಗಿ ಊದಿದರೆ ಫೋರ್ಟೆ. ಮೆತ್ತಗಾದರೆ ಪಿಯಾನೊ. ಪಿಯಾನೊ ವಾದ್ಯ ಅಲ್ಲವೇನೇ ಅಂದೆ. ಅದೂ ಹೌದು, ಇದೂ ಹೌದಂತೆ. ಮೆಲ್ಲಗೆ ಏರಿಸುತ್ತಾ ಹೋಗುವುದು ಕ್ರೆಸೆಂಡೊ. ತುಂಡು ತುಂಡಾಗಿ ಊದುವುದು ಸ್ಟಕ್ಯಾಟೊ.

ತಮಾಷೆ ಅಂದರೆ ಎಲ್ಲವನ್ನೂ ದಿನಾ ಊದುತ್ತಲೇ ಇದ್ದೇನೆ. ಅವಕ್ಕೆ ಹೆಸರಿದೆ ಅಂತ ಗೊತ್ತಿರಲಿಲ್ಲ. ಖುಷಿಯಾಯಿತು.

ಜುಲೈ 4

ಮುದ್ದೆ ತೊಳಸುತ್ತಾ ಪರೀಕ್ಷೆ ಮಾಡಿದಳು. ಇಪ್ಪತ್ತಕ್ಕೆ ಹದಿನೆಂಟು. ಕೊಬ್ಬು ಬಂದು, ಸಾರಿಗೆ ಉಪ್ಪು ಪಿಯಾನೊ ಆಗಿದೆ ಅಂದೆ.

"ನಾಳಿಂದ ಫೋರ್ಟೆ ಹಾಕ್ತೀನಿ, ಸುಮ್ಕೆ ಉಣ್ಣಿ" ಅಂದಳು.

ಜುಲೈ 7, ನಾಗಮಂಗಲ ಬಸ್ ಸ್ಟ್ಯಾಂಡ್, 3.30

ಎಲ್ಲ ಕೆಡಿಸಿಕೊಂಡೆ.

ಪದಗಳೇನೋ ಸರಿಯಾಗಿಯೇ ಹೇಳಿದೆ. ಪ್ರಿನ್ಸಿಪಾಲ್ ಪ್ರಮೀಳಾ ಮೇಡಂ ತಲೆದೂಗಿದರು. ಆಮೇಲೆ ಮೈದಾನಕ್ಕೆ ಕರೆದೊಯ್ದರು. ಮೂವತ್ತೆರಡು ಮಕ್ಕಳು, ಡ್ರಮ್ಮು, ಸಿಂಬಲ್ಸು. ಬಾರಿಸಿದರೆ ಒಬ್ಬೊಬ್ಬರದು ಒಂದೊಂದು ದಿಕ್ಕು. ನೀವು ಸ್ವಲ್ಪ ಊದಿ ಕೇಳಿಸಿ, ಪಿಯಾನೊ, ಅಂದರು ಮೇಡಂ. ಮೆತ್ತಗೆ ಊದಿದೆ. ಚೆನ್ನಾಗಿ ಬರುತ್ತಿತ್ತು. ಇನ್ನು ಸಾಕು ಅನ್ನಲು ಅವರು ತೋರುಬೆರಳು ಮೇಲೆತ್ತಿ ಆಡಿಸಿದರು.

ಮೂವತ್ತು ವರ್ಷದಿಂದ ಪುರೋಹಿತರು ಹಾಗೆ ಬೆರಳಾಡಿಸಿದರೆ ನನಗೆ ಒಂದೇ ಲೆಕ್ಕ — ತಾಳಿ ಕಟ್ಟುತ್ತಿದ್ದಾರೆ. ಹಿಂದೆ ಮುಂದೆ ನೋಡದೆ ಗಟ್ಟಿಮೇಳ ಊದಿಯೇಬಿಟ್ಟೆ. ಮಕ್ಕಳೇನು ಕಮ್ಮಿಯೇ? ಅವರೂ ಮದುವೆಗಳಲ್ಲಿ ಉಂಡು ಬೆಳೆದವರೇ. ಡ್ರಮ್ಮು, ಸಿಂಬಲ್ಸು, ಎಲ್ಲ ಒಂದೇ ಏಟಿಗೆ ಶುರು. ಪಕ್ಕದಲ್ಲಿದ್ದ ಕನ್ನಡ ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣದ ಚೂರನ್ನು ಅಕ್ಷತೆ ಅಂದುಕೊಂಡು ಮೇಡಂ ತಲೆಗೆ ಹಾಕಿದರು. ಮೇಡಂ ಗಾಬರಿಯಾಗಿ ಬೆರಳು ಇಳಿಸಿದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು.

ಆಷಾಢದಲ್ಲಿ, ಸೋಮವಾರ ಮಧ್ಯಾಹ್ನ, ಯಾರ ಮದುವೆಯೂ ಇಲ್ಲದೆ ಗಟ್ಟಿಮೇಳ.

ತಿಳಿಸುತ್ತೇವೆ ಅಂದರು. ಅಷ್ಟೇ. ಊರಿಗೆ ಹೋಗುವ ಪಾಂಡವಪುರದ ಬಸ್ಸು ಇನ್ನೂ ಬಂದಿಲ್ಲ. ಯಶೋಧಳಿಗೆ ಯಾವ ಮುಖ ತೋರಿಸಲಿ?

ಜುಲೈ 8

ಹೇಳಿದೆ. ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. ಕ್ಯಾಲೆಂಡರು ಮಡಿಸಿ ಎತ್ತಿಟ್ಟಳು. ಅದನ್ನು ನೋಡಿ ನನಗೆ ಅಳು ಬಂತು.

ಜುಲೈ 17

ಮೇಡಂ ಫೋನು ಮಾಡಿದರು! ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತೇನೆ.

"ತಿಮ್ಮೇಶ್ ಅವ್ರೇ, ಒಂದು ವರ್ಷದಿಂದ ಆ ಮಕ್ಕಳಿಗೆ ಹೇಳ್ಕೊಡಿಸ್ತಾ ಇದೀವಿ. ಎಲ್ರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಸಿದ್ದು ಅವತ್ತೇ ಮೊದಲು. ಕಮಿಟಿಯವ್ರನ್ನ ಒಪ್ಸೋಕೆ ಇಷ್ಟು ದಿನ ಆಯ್ತು. ಸೋಮವಾರದಿಂದ ಬಂದ್ಬಿಡಿ."

ಯಶೋಧ ಬೀದಿಗೇ ಹೋಗಿ ನಿಂತಳು. "ನನ್ ಸ್ಟೂಡೆಂಟು ಪಾಸಾಗ್ಬುಟ್ರು ಕಣಕ್ಕಾ" ಅಂತ ಪಕ್ಕದ ಮನೆಯ ಮುತ್ತಮ್ಮನಿಗೆ ಹೇಳುತ್ತಿದ್ದುದು ಒಳಗೇ ಕೇಳಿಸಿತು. ಎದ್ದು ಹೋಗಿ ಕ್ಲಾರಿಯೋನೆಟ್ ತೆಗೆದೆ. ಯಾವ ರಾಗ ಊದಿದೆನೋ ನೆನಪಿಲ್ಲ.

ಆಗಸ್ಟ್ 15, ಬೆಳಿಗ್ಗೆ 7.50, ಶಾಲೆಯ ಮೈದಾನ

ಧ್ವಜ ಇನ್ನೂ ಏರಿಲ್ಲ. ಅತಿಥಿಗಳು ದಾರಿಯಲ್ಲಿದ್ದಾರಂತೆ. ಯಶೋಧ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯಲ್ಲಿ ಕೂತು ಎಲ್ಲರಿಗೂ ನನ್ನನ್ನು ತೋರಿಸುತ್ತಿದ್ದಾಳೆ. ನಾಚಿಕೆಗೆ ಸುಮ್ಮನೆ ಈ ಪುಸ್ತಕದಲ್ಲಿ ಗೀಚುತ್ತಾ ನಿಂತಿದ್ದೇನೆ.

ಇಷ್ಟು ವರ್ಷ ಬೇರೆಯವರ ಬೆರಳು ನೋಡಿಕೊಂಡು ಊದಿದೆ. ಈಗ ಮೂವತ್ತೆರಡು ಮಕ್ಕಳು ಉಸಿರು ಬಿಗಿಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದಾರೆ. ಎಷ್ಟು ಸಂತೋಷ ಅಂದರೆ... ಹಣೆಯ ಬೆವರು ಒರೆಸಿಕೊಳ್ಳಲು ಎಡಗೈ ಎತ್ತಿದೆ ಅಷ್ಟೇ — ಅಯ್ಯೋ, ಮಕ್ಕಳು ಶುರು ಮಾಡೇ ಬಿಟ್ಟ—