ಹಿಂದೆ ನಿಂತವಳ ಕಾಲುಗಳು

ಕೆಂಗುಡ್ಡ,
ಕಡಲೇರಿದ ಎಂಬತ್ತೊಂದನೆಯ ವರ್ಷ, ಎಡೆತಿಂಗಳ ಮೂವತ್ತೇಳನೆಯ ದಿನ

ಕಡಲ ದಂಡೆಯಲ್ಲಿ ಇನ್ನೂ ವಾಸವಾಗಿರುವ ನಿಮಗೆ,

ಮೇಲಿನ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಉದ್ದವಾದ ಮೇಲೆ ನಾವು ಮೇ ಮತ್ತು ಜೂನ್ ನಡುವೆ ಒಂದು ತಿಂಗಳು ಸೇರಿಸಿಕೊಂಡೆವು. ಮೊದಲ ಮಳೆ ಬೀಳುವ ತನಕ ಅದು ಮುಗಿಯುವುದಿಲ್ಲ. ನನ್ನ ಇನ್ನು ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಎದುರಿಗೆ ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವಳಾಗಿ ಬರೆಯುವುದು ಅದಕ್ಕಿಂತ ಸುಲಭ.

ಕೆಂಗುಡ್ಡ ಅದಿರೆಲ್ಲ ತೆಗೆದು ಬಿಟ್ಟ ಗಣಿ. ಅದರ ಮೆಟ್ಟಿಲುಗಳ ಮೇಲೆ ನಮ್ಮ ಮನೆಗಳಿವೆ. ಮದುವೆಗೆ ಬಿಳಿ ಸೀರೆ ಉಟ್ಟರೆ ಊಟದ ಹೊತ್ತಿಗೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮಲ್ಲಿ ಅರ್ಧ ಜನ ಕೆಳಗಿನಿಂದ, ಅಂದರೆ ನೀವಿರುವ ಕಡೆಯಿಂದ, ಹತ್ತಿ ಬಂದವರ ಮಕ್ಕಳು, ಮೊಮ್ಮಕ್ಕಳು. ಅವರನ್ನು ಒಳಗೆ ಬಿಟ್ಟ ಕಟ್ಟಡಕ್ಕೆ ನೆರಳುಬಾಗಿಲು ಎಂದು ಹೆಸರು. ಅದರ ಗೋಡೆಗೆ ಹೀರುಸುಣ್ಣ ಬಳಿದಿದ್ದರು. ಅದು ಬೆಳಕನ್ನು ಹೀರಿಕೊಂಡು ಅರ್ಧ ಗಂಟೆ ಹಸಿರಾಗಿ ಮಿನುಗುವ ಸುಣ್ಣ. ಕುಟುಂಬವನ್ನು ಗೋಡೆಯ ಮುಂದೆ ನಿಲ್ಲಿಸಿ ಒಮ್ಮೆ ದೀಪ ಮಿಂಚಿಸಿದರೆ, ಜನ ಸರಿದ ಮೇಲೂ ಅವರ ನೆರಳು ಕಪ್ಪಗೆ ಅಲ್ಲೇ ಇರುತ್ತಿತ್ತು. ಮುಖ ನೋಡಿದರೆ ಕನಿಕರ ಹುಟ್ಟೀತೆಂದು ಗುಮಾಸ್ತರು ಆಮೇಲೆ ಬಂದು, ಹಾಳೆ ಹಿಡಿದು, ನೆರಳಿನ ಅಂಚನ್ನು ಇದ್ದಲಿಯಲ್ಲಿ ಎಳೆದುಕೊಂಡು ತಲೆಗಳನ್ನು ಎಣಿಸುತ್ತಿದ್ದರು. ಒಬ್ಬ ತಾಯಿಗೆ ಒಂದೇ ಮಗು ಎಂಬ ನಿಯಮವಿತ್ತು. ಹಾಳೆಯಲ್ಲಿ ಇಲ್ಲದವರು ಸಿಕ್ಕಿಬಿದ್ದರೆ ಇವತ್ತಿಗೂ ಕೆಳಕ್ಕೆ ಕಳಿಸುತ್ತಾರೆ.

ಆ ಹಾಳೆಗಳಿಂದ ವಲಸೆಯ ನೆನಪಿಗೊಂದು ಬೆಳಕಿನ ಗೋಡೆ ಮಾಡುವ ಕೆಲಸ ಎರ್ರಿಸ್ವಾಮಿ ಎಂಬ ಕಲಾವಿದರಿಗೆ ಬಂತು. ಸಂಜೆ ದೀಪ ಹತ್ತಿದೊಡನೆ ನೂರಾರು ಕುಟುಂಬಗಳ ನೆರಳು ಗಣಿಯ ಬಂಡೆಯ ಮೇಲೆ, ಮೂರಾಳೆತ್ತರಕ್ಕೆ, ಸಾಲಾಗಿ ನಿಲ್ಲಬೇಕು. ನಾನು ಹಳೆಯ ಹಸ್ತಪ್ರತಿಗಳನ್ನು ಓದಿ ಎಂ.ಎ. ಮಾಡಿದವಳು. ಹಾಳೆಗಳನ್ನು ಸರಿಪಡಿಸಿ ಹೆಸರು ಬರೆದುಕೊಡಲು ನನ್ನನ್ನು ಕರೆದರು. ಓಲೆಗರಿಯಲ್ಲಿ ಲಿಪಿಕಾರನ ಕೈ ಎಲ್ಲಿ ತಪ್ಪಿದೆ ಎಂದು ಹುಡುಕಿ ತಿದ್ದುವುದೇ ನಾನು ಕಲಿತ ವಿದ್ಯೆ. ಹನ್ನೊಂದು ಹಾಳೆಗಳಲ್ಲಿ ಮಗುವಿಗೆ ನಾಲ್ಕು ಕಾಲುಗಳಿದ್ದವು. ಗುಮಾಸ್ತನ ಕೈ ಜಾರಿದೆ ಎಂದುಕೊಂಡೆ. ಯಾರನ್ನಾದರೂ ಕೇಳಬಹುದಿತ್ತು, ಆದರೆ ಕೇಳುವುದೆಂದರೆ ನನಗೆ ಯಾವಾಗಲೂ ಸಂಕೋಚ. ರಬ್ಬರು ತೆಗೆದುಕೊಂಡು ಹೆಚ್ಚಿನ ಕಾಲುಗಳನ್ನು ಚೊಕ್ಕಟವಾಗಿ ಅಳಿಸಿದೆ.

ದೀಪ ಹಚ್ಚಿ ನೋಡುವ ಮೊದಲ ಸಂಜೆ ಶೇಷಿ ಅಜ್ಜಿ ಬಂದರು. ಐದು ವರ್ಷದವರಿದ್ದಾಗ ಬೇಲೆಕೇರಿಯಿಂದ ಹತ್ತಿ ಬಂದವರು. ಬಂಡೆಯ ಮೇಲೆ ತಾಯಿಯ ಕೈ ಹಿಡಿದು ನಿಂತ ತಮ್ಮದೇ ನೆರಳನ್ನು ಬಹಳ ಹೊತ್ತು ನೋಡಿದರು.

"ಕಾಲು ಎಲ್ಲಿ ಹೋಯ್ತೇ, ಮಗಾ?" ಎಂದು ನನ್ನನ್ನು ಕೇಳಿದರು.

ಎರ್ರಿಸ್ವಾಮಿ ನಕ್ಕರು. "ಎರಡೂ ಅಲ್ಲೇ ಅದಾವಲ್ಲಬೇ. ನಿಮ್ಮ ಬೇಲೆಕೇರಿಯಾಗ ಕೂಸಿಗೆ ಎಷ್ಟು ಕಾಲು?"

"ನಮ್ಮ ಅವ್ವಿ ಕೂಸಿಗೆ ನಾಲ್ಕಿದ್ವು. ನಗಬೇಡ್ವೋ ತಮಾ."

ಹೊರಡುವ ಮೊದಲು ತಿಂಗಳುಗಟ್ಟಲೆ ಬೇಲೆಕೇರಿಯ ಮರಳಿನ ಮೇಲೆ ತಾಯಂದಿರು ಮಕ್ಕಳಿಗೆ ಒಂದು ಆಟ ಕಲಿಸಿದ್ದರಂತೆ. ಇಳಿಬಿಸಿಲಿನಲ್ಲಿ ಒಬ್ಬಳ ನೆರಳಿನೊಳಗೆ ಇನ್ನೊಬ್ಬಳು ಉಸಿರು ಬಿಗಿಹಿಡಿದು ನಿಲ್ಲಬೇಕು. ತಲೆ ಆಚೆ ಬಂದರೆ ಪೆಟ್ಟು. ಕಾಲಿನ ಕಡೆ ಯಾರೂ ಗಮನ ಕೊಡಲಿಲ್ಲ. ಹಾಗೆ ಒಳಗೆ ಬಂದ ಅಜ್ಜಿಯ ಮನೆಯ ಅಕ್ಕತಂಗಿಯರಿಬ್ಬರು ಶೇಷಿ ಎಂಬ ಒಂದೇ ಹೆಸರಿನಲ್ಲಿ ಬೆಳೆದರು. ಇವತ್ತು ಒಬ್ಬಳು ಶಾಲೆಗೆ ಹೋದರೆ ನಾಳೆ ಇನ್ನೊಬ್ಬಳು. ಹನ್ನೆರಡನೆಯ ವಯಸ್ಸಿನಲ್ಲಿ ಒಬ್ಬಳು ಗಣಿಯ ಹೊಂಡಕ್ಕೆ ನೀರಿಗೆಂದು ಹೋದವಳು ಮರಳಿ ಬರಲಿಲ್ಲ. ಹುಡುಕಿಕೊಡಿ ಎಂದು ಯಾರಲ್ಲೂ ಕೇಳುವಂತಿರಲಿಲ್ಲ. ಶೇಷಿ ಮನೆಯಲ್ಲೇ ಇದ್ದಳಲ್ಲ!

"ಹೋದವ್ಳು ಶೇಷಿ," ಎಂದರು ಅಜ್ಜಿ. "ನಾನು ನಾಗಿ. ಹಾಳೆ ಮೇಲೆ ನಂದು ಅಂತ ಇದ್ದದ್ದು ಆ ಎರಡು ಕಾಲು ಮಾತ್ರ."

ಅಳಿಸಿದವಳು ನಾನೇ ಎಂದು ಹೇಳಿದೆ. ಅಜ್ಜಿ ಬೈಯಲಿಲ್ಲ. ಆ ಸುಣ್ಣ ಎಲ್ಲಾದರೂ ಉಳಿದಿದೆಯೇ ಎಂದಷ್ಟೇ ಕೇಳಿದರು. ನೆರಳುಬಾಗಿಲಿನ ಉಗ್ರಾಣದಲ್ಲಿ ಒಂದು ಡಬ್ಬಿ ಸಿಕ್ಕಿತು. ಮರುದಿನ ಸಂಜೆ ಅದನ್ನು ಬಂಡೆಯ ಬುಡಕ್ಕೆ ಬಳಿದೆವು. ಅಜ್ಜಿ ಒಬ್ಬರೇ ಅದರ ಮುಂದೆ ನಿಂತರು. ಎರ್ರಿಸ್ವಾಮಿ ದೀಪ ಮಿಂಚಿಸಿದರು. ಅಜ್ಜಿ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿದರು.

ಹಸಿರು ಗೋಡೆಯ ಮೇಲೆ ಬಾಗಿದ ಬೆನ್ನಿನ ಒಬ್ಬ ಮುದುಕಿ ಇದ್ದಳು. ಅವಳ ಸೀರೆಯ ಅಂಚಿನ ಕೆಳಗೆ, ಎರಡು ಪಾದಗಳ ನಡುವೆ, ಇನ್ನೆರಡು ಪಾದಗಳಿದ್ದವು. ಚಿಕ್ಕವು, ಹನ್ನೆರಡು ವರ್ಷದ ಹುಡುಗಿಯವು, ಅಲುಗಾಡದಿರಲೆಂದು ಬೆರಳುಗಳನ್ನು ನೆಲಕ್ಕೆ ಒತ್ತಿ ನಿಂತಂಥವು. ಎರ್ರಿಸ್ವಾಮಿ ದೀಪದ ಗಾಜು ಒರೆಸಿದರು. ತಾವೇ ಪಕ್ಕದಲ್ಲಿ ನಿಂತು ನನ್ನ ಕೈಯಲ್ಲಿ ಮಿಂಚಿಸಿ ನೋಡಿದರು. ಅವರಿಗೆ ಎರಡೇ ಕಾಲು. ಆಮೇಲೆ ಅವರು ನಗಲಿಲ್ಲ.

"ಆವತ್ತು ನಾ ಅವ್ಳ ಹಿಂದೆ, ಇವತ್ತು ಅವ್ಳು ನನ್ನ ಹಿಂದೆ," ಎಂದರು ಅಜ್ಜಿ. "ಆಟ ಮರೀಲಿಲ್ಲ ನೋಡು, ಹುಡುಗಿ."

ನೆರಳಿನ ಕೆಳಗೆ ಎರಡೂ ಹೆಸರು ಬರಿ ಎಂದರು. ಬರೆದರೆ ನಿಮ್ಮನ್ನು ಕೆಳಕ್ಕೆ ಕಳಿಸಿಬಿಡುತ್ತಾರೆ ಎಂದೆ.

"ಕಳಿಸ್ಲಿ. ಇಷ್ಟು ವರ್ಷ ಅವ್ಳ ಹೆಸ್ರಿಗೆ ನಾನು ಓ ಅಂದೆ. ಸಾಯೋ ಮೊದ್ಲು ನನ್ನ ಹೆಸ್ರು ಯಾರಾದ್ರೂ ಕರೀಲಿ."

ಬರೆದೆ. ಜೋರಾಗಿ ಓದಿಯೂ ಹೇಳಿದೆ: ಶೇಷಿ, ನಾಗಿ.

ಅದಾಗಿ ಒಂಬತ್ತು ದಿನವಾಯಿತು. ಅಜ್ಜಿಯ ನೆರಳು ಅರ್ಧ ಗಂಟೆಯಲ್ಲಿ ಮಾಸಿತು. ಚಿಕ್ಕ ಪಾದಗಳು ಮಾಸಿಲ್ಲ. ಗೋಡೆ ನೋಡಲು ಬಂದವರು ಬಂಡೆಯ ಮೇಲಿನ ದೊಡ್ಡ ನೆರಳುಗಳನ್ನು ಬಿಟ್ಟು ಬುಡದಲ್ಲಿ ಕುಳಿತು ಅವನ್ನೇ ನೋಡುತ್ತಾರೆ. ನಮ್ಮ ಮನೆಯ ಹಾಳೆಯಲ್ಲೂ ಏನಾದರೂ ಅಳಿಸಿದ್ದೀಯಾ ಎಂದು ಕೆಲವರು ಮೆಲ್ಲಗೆ ಕೇಳುತ್ತಾರೆ. ನಾಳೆ ಅಜ್ಜಿಯನ್ನು ಕಚೇರಿಗೆ ಕರೆದಿದ್ದಾರೆ. ಹಾಳೆಯಲ್ಲಿ ನಾಗಿ ಇದ್ದಳು, ನಾನು ಕಣ್ಣಾರೆ ನೋಡಿದ್ದೆ, ನನ್ನ ಕೈಯಾರೆ ಅಳಿಸಿದೆ ಎಂದು ಅಲ್ಲಿ ಎಲ್ಲರೆದುರು ಹೇಳಬೇಕಾದವಳು ನಾನೊಬ್ಬಳೇ. ಬಾಯಿ ಬರಲಿ ಎಂದು ಈ ಕಾಗದದಲ್ಲಿ ಒಮ್ಮೆ ಹೇಳಿ ನೋಡಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಸಂಜೆ ದಂಡೆಗೆ ಹೋದಾಗ, ಇಳಿಬಿಸಿಲಿನಲ್ಲಿ ಒಂದು ಮಗು ಅಲುಗಾಡದೆ ನಿಂತಿದ್ದರೆ, ಅದರ ನೆರಳಿನ ಬುಡವನ್ನು ನೋಡಿ. ಕಾಲು ನಾಲ್ಕಿದ್ದರೆ ಗದರಬೇಡಿ, ಹೊರಗೆ ಬಾ ಎನ್ನಬೇಡಿ. ಹಿಂದೆ ನಿಂತವಳ ಹೆಸರು ಕೇಳಿ, ಎಲ್ಲಾದರೂ ಬರೆದಿಡಿ. ನಾವು ಹುಡುಕಿಕೊಳ್ಳುತ್ತೇವೆ.

ಹೊನ್ನೂರಿ